ಯಂಗೋನದ ಕಟ್ಟು ಹಿಡಿದು ಲಾವ್ ದ್ವೀಪಗಳಿಗೆ

ಫಿಜಿಯ ಬಂದರು ಪೇಟೆ ಸವುಸವುವಿನಲ್ಲಿ ಅಕ್ಕಿ, ಬೇಳೆ, ಈರುಳ್ಳಿಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ದೇಶದ ಪೂರ್ವದಂಚಿನ ಲಾವ್ ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೊರಟವರು ಮೊದಲು ಹುಡುಕಬೇಕಾದದ್ದು ಪ್ರತಿ ಹಳ್ಳಿಯ ಹಿರಿಯರಿಗೆ ಕಾಣಿಕೆಯಾಗಿ ಒಪ್ಪಿಸಬೇಕಾದ ಯಂಗೋನದ ಬೇರನ್ನು. ಇದು ಕರಿಮೆಣಸಿನ ಕುಲಕ್ಕೆ ಸೇರಿದ ಗಿಡ. ಒಣಗಿದ ಬೇರನ್ನು ಕುಟ್ಟಿ ನೀರಲ್ಲಿ ಹಿಂಡಿದರೆ ಕೆಸರು ಬಣ್ಣದ ಪಾನೀಯವಾಗುತ್ತದೆ. ಕುಡಿದರೆ ನಾಲಿಗೆ ಜುಮ್ಮೆನ್ನುತ್ತದೆ. ಅಂಗಡಿಯಲ್ಲಿ ‘ವಾಕ’ ಎಂದೇ ಕೇಳಬೇಕು, ಅದು ಬೇರು. ‘ಲೆವೆನ’ ಎಂದರೆ ಬುಡದ ತುಂಡು. ಬೆಲೆ ಕಡಿಮೆ, ಹಿರಿಯರ ಮುಂದಿಡಲು ಒಪ್ಪುವುದಿಲ್ಲ. ಪುಡಿಯ ಪೊಟ್ಟಣವಂತೂ ಬೇಡವೇ ಬೇಡ. ಒಂದು ಕಟ್ಟಿಗೆ ಅರ್ಧ ಕಿಲೋ ಲೆಕ್ಕ. ಹಳೆ ಪತ್ರಿಕೆಯಲ್ಲಿ ಸುತ್ತಿ ರಿಬ್ಬನ್ ಕಟ್ಟಿಸಿಕೊಂಡು, ದೋಣಿಯೊಳಗೆ ಗಾಳಿಯಾಡುವ ಕಡೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತಳದ ಗೂಡಿಗೆ ತುರುಕಿದರೆ ಬೂಸಲು ಹಿಡಿಯುತ್ತದೆ. ಸುಣ್ಣಕಲ್ಲಿನ ಆ ದ್ವೀಪಗಳಲ್ಲಿ ಯಂಗೋನ ಚೆನ್ನಾಗಿ ಬೆಳೆಯುವುದಿಲ್ಲ, ಹಾಗಾಗಿ ಇಲ್ಲಿಂದ ಹೊತ್ತುಹೋದದ್ದಕ್ಕೆ ಅಲ್ಲಿ ಹೆಚ್ಚು ಬೆಲೆ.

ಸವುಸವುವಿನಿಂದ ಉತ್ತರ ಲಾವ್‌ನ ವನುವಾ ಬಲಾವು ದ್ವೀಪಕ್ಕೆ ಸುಮಾರು 110 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯಂತೆ ನೇರ ಹೋದರೆ 22 ಗಂಟೆ. ಆದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಯಾನದ ಕಾಲದಲ್ಲಿ ಗಾಳಿ ಬೀಸುವುದು ಆಗ್ನೇಯದಿಂದ, ಅಂದರೆ ಹೆಚ್ಚುಕಡಿಮೆ ಎದುರಿನಿಂದ. ಅಂಕುಡೊಂಕಾಗಿ ಸಾಗಿದರೆ ಇನ್ನೂ ಅರ್ಧ ದಿನ ಬೇಕು. ಗಾಳಿ ಸಡಿಲವಾಗಿ ಉತ್ತರಕ್ಕೆ ತಿರುಗುವ ಒಂದೆರಡು ದಿನಗಳಿಗಾಗಿ ಬಂದರಿನಲ್ಲೇ ಕಾಯುವುದು ಜಾಣತನ.

ಹವಳದ ದಿಬ್ಬಗಳ ನಡುವಿನ ಕಂಡಿಯನ್ನು ದಾಟಲು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಬೆಳಕೇ ಬೇಕು, ಸೂರ್ಯ ನೆತ್ತಿಯ ಮೇಲೋ ಬೆನ್ನ ಹಿಂದೆಯೋ ಇರಬೇಕು. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಕೂವೆಮರ ಏರಿ ನೀರಿನ ಬಣ್ಣ ಹೇಳುತ್ತಿರಬೇಕು. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳು, ಕಂದು ಕಂಡಿತೋ ಚುಕ್ಕಾಣಿ ತಿರುಗಿಸಿ. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ದಿಬ್ಬ ನೂರಾರು ಮೀಟರ್ ಆಚೀಚೆ ಇರುವುದುಂಟು. ಉಪಗ್ರಹದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿಕೊಳ್ಳಬೇಕು.

ಲಂಗರಿನ ಪಾಡು ಬೇರೆ. ರಾತ್ರಿ ಗಾಳಿ ದಿಕ್ಕು ಬದಲಿಸಿದಾಗ ದೋಣಿ ಸುತ್ತು ಹಾಕುತ್ತದೆ, ಸರಪಳಿ ಹವಳದ ಗುಡ್ಡೆಗೆ ಸುತ್ತಿಕೊಂಡು ಗಿಡ್ಡವಾಗುತ್ತದೆ. ಆಮೇಲೆ ಪ್ರತಿ ಅಲೆಯೂ ಮೂತಿಯನ್ನು ಜಗ್ಗುತ್ತದೆ. ಲಂಗರಿನ ಉರುಳೆ ಕಿತ್ತುಬರುವುದು ಹೀಗೆಯೇ, ಹವಳ ಪುಡಿಯಾಗುವುದೂ ಹೀಗೆಯೇ. ಮರಳಿನ ತಳ ಹುಡುಕಿ ಲಂಗರು ಹಾಕಿ. ನೆಲಕ್ಕೆ ಮೊದಲೊಂದಿಷ್ಟು ಸರಪಳಿ ಬಿಟ್ಟು, ಉಳಿದದ್ದಕ್ಕೆ ಎಂಟು ಹತ್ತು ಮೀಟರಿಗೊಂದರಂತೆ ತೇಲುಬುಂಡೆ ಕಟ್ಟಿದರೆ ಅದು ಹವಳದ ಮೇಲೆ ತೇಲಿಕೊಂಡಿರುತ್ತದೆ. ಆಮೇಲೆ ನೀರಿಗಿಳಿದು ಕಣ್ಣಾರೆ ನೋಡಬೇಕು.

ಈ ಉತ್ತರ ಲಾವ್ ದ್ವೀಪಗಳಲ್ಲಿ ಹಲವನ್ನು 1797ರಲ್ಲಿ ನಕ್ಷೆಗೆ ಇಳಿಸಿದವನು ‘ಡಫ್’ ಹಡಗಿನ ಕಪ್ತಾನ ಜೇಮ್ಸ್ ವಿಲ್ಸನ್. ಹೈದರಾಲಿಯ ಸೈನಿಕರ ಕೈಗೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆಯಲ್ಲಿ 22 ತಿಂಗಳು ಸಂಕೋಲೆ ತೊಟ್ಟಿದ್ದ ಆ ವಿಲ್ಸನ್ ಇವನೇ. ಬಿಡುಗಡೆಯಾಗಿ, ದುಡ್ಡು ಸಂಪಾದಿಸಿ, ನಂತರ ದೈವಭಕ್ತನಾಗಿ, ಲಂಡನ್ ಮಿಷನ್ನಿನ ಮೊದಲ ಹಡಗನ್ನು ತಾನೇ ಮುಂದೆ ಬಂದು ನಡೆಸಿದ. 30 ಮಿಷನರಿಗಳು, ಅವರಲ್ಲಿ ಆರು ಮಂದಿಯ ಹೆಂಡಂದಿರು, ಮೂರು ಮಕ್ಕಳು ಅದರಲ್ಲಿದ್ದರು. ಅವರನ್ನು ತಾಹಿತಿ, ಟೊಂಗಾಗಳಲ್ಲಿ ಇಳಿಸಿ ಚೀನಾದತ್ತ ಹೊರಟ ಹಡಗು ಇಲ್ಲಿ ಹವಳಕ್ಕೆ ಬಡಿದು, ಒಡೆಯದೆ ಪಾರಾಯಿತು. ಕಾವೇರಿ ನಡುವಿನ ಕೋಟೆಯ ಕೈದಿಗೂ ಈ ನೀರಿಗೂ ಇರುವ ನಂಟು ನೆನೆದರೆ ಬೆರಗಾಗುತ್ತದೆ.

ದಕ್ಷಿಣಕ್ಕೆ ಸುಮಾರು 60 ಮೈಲಿ ಹೋದರೆ ಲಕೆಂಬ. ಬರೆಯುವುದು ಲಕೆಬ ಎಂದು, ಓದುವುದು ಲಕೆಂಬ ಎಂದು. ಅದಕ್ಕೆ ಕಾರಣ ಇಲ್ಲಿಗೆ ಬಂದ ಒಂದು ಸಂಸಾರ.

1835ರ ಅಕ್ಟೋಬರ್ 12ರಂದು ಡೇವಿಡ್ ಕಾರ್ಗಿಲ್ ಮತ್ತು ವಿಲಿಯಂ ಕ್ರಾಸ್ ಎಂಬ ಮೆಥಡಿಸ್ಟ್ ಮಿಷನರಿಗಳು ಹೆಂಡತಿ ಮಕ್ಕಳೊಂದಿಗೆ ಟೊಂಗಾದಿಂದ ಸಣ್ಣ ಹಡಗಿನಲ್ಲಿ ಇಲ್ಲಿಗೆ ಬಂದರು. ಇವರಿಗಿಂತ ಐದು ವರ್ಷ ಮೊದಲೇ ತಾಹಿತಿಯ ಬೋಧಕರು ಬಂದು ಪಕ್ಕದ ಒನೆಯಾತದಲ್ಲಿ ನೆಲೆಸಿದ್ದರು ಎಂಬುದನ್ನು ಮರೆಯಬಾರದು. ದ್ವೀಪದವರು ದ್ವೀಪದವರಿಗೆ ಹೇಳಿದ್ದೇ ಮೊದಲು. ಕಾರ್ಗಿಲ್, ಕ್ರಾಸ್ ಇಬ್ಬರೂ ಮೊದಲು ತಾವಷ್ಟೇ ದಡಕ್ಕೆ ಹೋಗಿ ಟೊಂಗಾ ಭಾಷೆಯಲ್ಲಿ ದೊರೆಯೊಂದಿಗೆ ಮಾತಾಡಿದರು. ಲಕೆಂಬದಲ್ಲಿ ಟೊಂಗಾದವರು ನೆಲೆಸಿದ್ದರಿಂದ ಆ ಮಾತು ನಡೆಯಿತು. ತುಯಿ ನಯಾವು ಎಂಬ ಪಟ್ಟದ ಆ ದೊರೆ ಕಡಲಂಚಿನ ಜಾಗ ಕೊಟ್ಟ. ಮೊದಲ ರಾತ್ರಿ ದಡದಲ್ಲಿ ದೋಣಿಗಳನ್ನಿಡುವ ಮಾಡಿನಡಿ ಮಲಗಿದಾಗ ಸೊಳ್ಳೆಕಾಟ. ಕೆಲವೇ ದಿನಗಳಲ್ಲಿ ಊರವರು ಸೇರಿ ಮನೆಗಳನ್ನು ಕಟ್ಟಿಕೊಟ್ಟರು. ಆ ದೊರೆ ಕ್ರೈಸ್ತನಾದದ್ದು 1849ರಲ್ಲಿ! ನಂಬಿಕೆ ಒಪ್ಪುವುದಕ್ಕೆ ಹದಿನಾಲ್ಕು ವರ್ಷ ಮುಂಚೆಯೇ ಸೂರು ಒದಗಿಸಿದ್ದ. ಲಾವ್‌ನ ಅತಿಥಿಸತ್ಕಾರವನ್ನು ಚರ್ಚು ಕಲಿಸಿದ್ದೆಂದು ಹೇಳುವವರು ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಆ ಸಂಸಾರಗಳ ನಂಬಿಕೆಯೂ ಸಣ್ಣದಲ್ಲ. ಮಾರ್ಗರೆಟ್ ಕಾರ್ಗಿಲ್ 1840ರಲ್ಲಿ ಹೆರಿಗೆಯ ಬೆನ್ನಿಗೆ ಫಿಜಿಯ ರೇವಾದಲ್ಲಿ ತೀರಿಕೊಂಡರು, 1842ರಲ್ಲಿ ಕ್ರಾಸ್. ಅವರು ಬಿಟ್ಟುಹೋದದ್ದರಲ್ಲಿ ಇಂದಿಗೂ ದಿನಬಳಕೆಯಲ್ಲಿರುವುದು ಕಾರ್ಗಿಲ್ ರೂಪಿಸಿದ ಬರವಣಿಗೆ. ಫಿಜಿ ಭಾಷೆಯಲ್ಲಿ ‘ಬ’ದ ಹಿಂದೆ ‘ಮ್’, ‘ದ’ದ ಹಿಂದೆ ‘ನ್’ ತಾನಾಗಿ ಬರುತ್ತದೆ. ಎರಡೆರಡು ರೋಮನ್ ಅಕ್ಷರ ಜೋಡಿಸಿ ಬರೆದಾಗ ಕಲಿಯುವವರು ನಡುವೆ ಸ್ವರ ಸೇರಿಸಿ ತಡವರಿಸಿದರು. ಆಗ ಒಂದು ದನಿಗೆ ಒಂದೇ ಅಕ್ಷರ ಎಂಬ ಪದ್ಧತಿ ಬಂತು. ವಿಮಾನ ನಿಲ್ದಾಣದ ಊರು ‘ನದಿ’ ಎಂದು ಬರೆಸಿಕೊಂಡು ‘ನಂದಿ’ ಎಂದು ಕರೆಸಿಕೊಳ್ಳುವುದು ಇದರಿಂದಲೇ. ಒಂದು ಸೊನ್ನೆಯಲ್ಲಿ ಇದನ್ನೆಲ್ಲ ಬರೆಯುವ ಕನ್ನಡಿಗರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ.

ಇನ್ನು ಸೇವುಸೇವು, ಅಂದರೆ ಊರ ಹಿರಿಯರಿಗೆ ಯಂಗೋನ ಒಪ್ಪಿಸುವ ಶಾಸ್ತ್ರ. ಲಂಗರು ಹಾಕಿದ ಮೇಲೆ ಈಜುವುದು, ಮೀನು ಹಿಡಿಯುವುದು, ಸುತ್ತಾಡುವುದು ಎಲ್ಲವೂ ಇದಾದ ನಂತರವೇ. ಕಣ್ಣಿಗೆ ಕಾಣುವ ನೀರು, ಹವಳ, ತೆಂಗು ಎಲ್ಲಕ್ಕೂ ಊರಿನ ಒಡೆತನವಿದೆ. ಮೊಣಕಾಲು ಮುಚ್ಚುವ ಹಾಗೆ ಗಂಡಸರೂ ಹೆಂಗಸರೂ ಸುಲು ಎಂಬ ಪಂಚೆಯಂಥ ಬಟ್ಟೆ ಉಟ್ಟು ದಡಕ್ಕೆ ಹೋಗಬೇಕು. ಟೋಪಿ, ಕಪ್ಪು ಕನ್ನಡಕ ತೆಗೆಯಬೇಕು, ಚೀಲ ಹೆಗಲಿಂದಿಳಿದು ಕೈಯಲ್ಲಿರಬೇಕು. ‘ತುರಾಂಗ ನಿ ಕೋರೊ’, ಅಂದರೆ ಊರ ಮುಖಂಡರನ್ನು ವಿಚಾರಿಸಿದರೆ ಅವರು ಹಿರಿಯರ ಮನೆಗೆ ಕರೆದೊಯ್ಯುತ್ತಾರೆ. ಪಾದರಕ್ಷೆ ಹೊರಗೆ; ಒಳಗೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಾಲು ಚಾಚುವಂತಿಲ್ಲ. ಕಟ್ಟನ್ನು ಕೈಗೆ ಕೊಡದೆ ಹಿರಿಯರ ಮುಂದೆ ಚಾಪೆಯ ಮೇಲಿಡಬೇಕು.

ಮಾತು ಶುರುವಾಗುವುದು ಆಗ. ಮುಖಂಡರು ನಿಮ್ಮ ಪರವಾಗಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ: ಇವರು ಇಂಥ ಕಡೆಯಿಂದ ಬಂದವರು, ಇದು ಅವರು ತಂದ ಸಣ್ಣ ಕಾಣಿಕೆ. ತಂದದ್ದು ಎಷ್ಟೇ ಇರಲಿ, ಸಣ್ಣದೆಂದೇ ಹೇಳುವುದು ವಾಡಿಕೆ. ಹಿರಿಯರು ಕಟ್ಟನ್ನು ಮುಟ್ಟಿ ಸ್ವೀಕರಿಸುತ್ತಾರೆ. ಬೊಗಸೆಗೈ ಚಪ್ಪಾಳೆ ಬೀಳುತ್ತದೆ. ಅಲ್ಲಿಂದ ನೀವು ಊರವರು. ನಿಮ್ಮ ಕ್ಷೇಮ ಅವರ ಹೊಣೆ, ಅವರ ಕಟ್ಟುಪಾಡು ನಿಮ್ಮ ಹೊಣೆ. ಚಿಪ್ಪಿನ ಬಟ್ಟಲು ಬಂದಾಗ ಒಮ್ಮೆ ಚಪ್ಪಾಳೆ ತಟ್ಟಿ ‘ಬುಲ’ ಎಂದು ಒಂದೇ ಗುಟುಕಿಗೆ ಮುಗಿಸಿ, ಮೂರು ಸಲ ತಟ್ಟಬೇಕು. ಪಶ್ಚಿಮದ ರೆಸಾರ್ಟುಗಳಲ್ಲಿ ಪ್ರವಾಸಿಗರಿಗೆ ತೋರಿಸುವ ಆಟದಲ್ಲಿ ಬಟ್ಟಲು, ಚಪ್ಪಾಳೆ ಎಲ್ಲ ಇರುತ್ತವೆ, ಈ ಹೊಣೆ ಮಾತ್ರ ಇರುವುದಿಲ್ಲ. ಅದನ್ನು ನೋಡದಿದ್ದರೂ ನಷ್ಟವಿಲ್ಲ.

ಭಾನುವಾರ ‘ಲಾಲಿ’ ಎಂಬ ಮರದ ನಗಾರಿ ಕೇಳಿದರೆ ಇಡೀ ಊರು ಚರ್ಚಿಗೆ ಹೋಗುತ್ತದೆ. ಅಂದು ಈಜು, ಮೀನು, ಬಟ್ಟೆ ಒಗೆತ ಏನೂ ಇಲ್ಲ. ವಾದ್ಯವಿಲ್ಲದೆ ನಾಲ್ಕು ದನಿಗಳಲ್ಲಿ ಏಳುವ ಹಾಡು ಅರ್ಥ ತಿಳಿಯದವರ ಎದೆಯನ್ನೂ ನಡುಗಿಸುತ್ತದೆ; ಲಾವ್‌ಗೆ ಹೋದವರು ಒಂದು ಭಾನುವಾರವಾದರೂ ಉಳಿಯಲೇಬೇಕು. ಆಮೇಲೆ ಊಟ: ಕಾದ ಕಲ್ಲುಗಳ ಮೇಲೆ ಹೂತು ಬೇಯಿಸಿದ ಕೆಸುವಿನ ಗಡ್ಡೆ, ತೆಂಗಿನ ಹಾಲು ತುಂಬಿದ ಕೆಸುವಿನೆಲೆ, ಮೀನು. ಪ್ರಾರ್ಥನೆಯಾಗದೆ ತುತ್ತೆತ್ತುವಂತಿಲ್ಲ. ಅತಿಥಿಗಳಿಗೇ ಮೊದಲ ಪಂಕ್ತಿ. ಮನೆಯವರು, ಮಕ್ಕಳು ಉಣ್ಣುವುದು ಉಳಿದದ್ದನ್ನು. ಇದು ಗೊತ್ತಿದ್ದರೆ ಎಷ್ಟು ಬಡಿಸಿಕೊಳ್ಳಬೇಕೆಂಬುದು ತಿಳಿಯುತ್ತದೆ. ಸರಕಿನ ಹಡಗು ಬರುವುದು ಅಪರೂಪ, ಆದ್ದರಿಂದ ಹಿಟ್ಟು, ಸಕ್ಕರೆ, ಮೀನಿನ ಗಾಳ, ಓದುವ ಕನ್ನಡಕ ಒಯ್ದರೆ ಉಪಕಾರ. ಮನೆಯಲ್ಲಿ ಯಾವುದನ್ನೂ ಅತಿಯಾಗಿ ಹೊಗಳಬೇಡಿ. ಅದನ್ನೇ ನಿಮ್ಮ ಕೈಗಿಟ್ಟುಬಿಡುತ್ತಾರೆ.

ಹೊರಡುವಾಗಲೂ ಹೇಳದೆ ಲಂಗರು ಎತ್ತುವಂತಿಲ್ಲ. ‘ಇತತಾವು’ ಎಂಬ ಬೀಳ್ಕೊಡುಗೆಗೆ ಇನ್ನೊಂದು ಕಟ್ಟು ಬೇಕು. ಐದು ಹಳ್ಳಿಗೆ ಹತ್ತು ಕಟ್ಟು, ಐದು ಕಿಲೋ. ಸವುಸವುವಿನಲ್ಲೇ ಲೆಕ್ಕ ಹಾಕಿ ಕೊಳ್ಳಿ.