ಫಸ್ಟ್ ಪಿಯು ಅರ್ಧ ಮುಗೀತು, ಇನ್ನೇನ್ ಮಾಡೋದು ಮೇಡಂ?

ಡಿಸೆಂಬರ್ ಬಂತು ಅಂದ್ರೆ ಈ ಪ್ರಶ್ನೆ ಶುರು. ಮಿಡ್‌ಟರ್ಮ್ ಮಾರ್ಕ್ಸ್ ನೋಡಿ ಆಗಿರುತ್ತೆ, ಯಾರದೋ ಅಕ್ಕನ ಮಗನಿಗೆ ಅಮೆರಿಕಾದಲ್ಲಿ ಸೀಟ್ ಸಿಕ್ಕಿದ್ದು ಯಾವ್ದೋ ಮದುವೆ ಮನೇಲಿ ಕಿವಿಗೆ ಬಿದ್ದಿರುತ್ತೆ, ಸರಿ, ಸ್ಟಾಫ್ ರೂಮ್ ಬಾಗಿಲಲ್ಲೋ ಸಂಜೆ ಮೈಸೂರಿಗೆ ವಾಪಸ್ ಹೋಗೋ ಟ್ರೈನಲ್ಲೋ ಹಿಡ್ಕೊಂಡು ಕೇಳ್ತಾರೆ. "ಮೇಡಂ, ಹುಡ್ಗನ್ನ ಹೊರಗಡೆ ಕಾಲೇಜಿಗೆ ಹಾಕೋಣ ಅಂತಿದೀವಿ, ಫಸ್ಟ್ ಪಿಯು ಅರ್ಧ ಆಗೋಯ್ತು, ಅಪ್ಲಿಕೇಶನ್ ಸ್ಟ್ರಾಂಗ್ ಮಾಡೋಕೆ ಈಗ ಏನಾದ್ರೂ ಮಾಡ್ಬೋದಾ?" ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡೋಳು, ಅಡ್ಮಿಷನ್ ಏಜೆಂಟ್ ಅಲ್ಲ. ಆದ್ರೂ ರೆಕಮೆಂಡೇಶನ್ ಲೆಟರ್ ಬರೆದೂ ಬರೆದೂ ಒಂದಿಷ್ಟು ಗೊತ್ತಾಗಿದೆ, ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೆದು ಹಾಕ್ತೀನಿ.

ಸಿಇಟಿ ಬರೆದು ಇಲ್ಲೇ ಇಂಜಿನಿಯರಿಂಗ್ ಸೇರೋರಿಗೆ ಈ ತಲೆನೋವೇ ಇಲ್ಲ. ಸೆಕೆಂಡ್ ಪಿಯು ಪಿಸಿಎಂ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ, ಮುಗೀತು. ನಿಮ್ಮ ಹುಡ್ಗ ಕೊಳಲು ಊದ್ತಾನಾ ಅಂತ ಸಿಇಟಿ ನಡೆಸೋ ಕೆಇಎ ಅವ್ರು ಕೇಳಲ್ಲ. ನಾನು ಹೇಳ್ತಿರೋದು ಅಮೆರಿಕಾದ ಕಾಲೇಜಿಗೋ, ಮಾರ್ಕ್ಸ್ ಜೊತೆ ಪ್ರಬಂಧ, ಇಂಟರ್‌ವ್ಯೂ ಎಲ್ಲ ಕೇಳೋ ನಮ್ಮ ದೇಶದ ಪ್ರೈವೇಟ್ ಯೂನಿವರ್ಸಿಟಿಗಳಿಗೋ ಅಪ್ಲೈ ಮಾಡೋರ ವಿಷಯ.

ಅಂಥೋರಿಗೆ ನನ್ನ ಉತ್ತರ ಕೇಳಿದ್ರೆ ಬೇಜಾರಾಗುತ್ತೆ. ಹೊಸದೇನೂ ಶುರು ಮಾಡ್ಬೇಡಿ, ಮೊದ್ಲು ಫಸ್ಟ್ ಪಿಯು ಪರೀಕ್ಷೆ ಚೆನ್ನಾಗಿ ಬರೀರಿ.

ನಮ್ಮ ಕಡೆ ಫಸ್ಟ್ ಪಿಯು ಅಂದ್ರೆ ರೆಸ್ಟ್ ತಗೊಳ್ಳೋ ವರ್ಷ ಅಂತಲೇ ಲೆಕ್ಕ. ಹತ್ತನೇ ಕ್ಲಾಸಲ್ಲಿ ಒದ್ದಾಡಿರ್ತಾರೆ, ಸೆಕೆಂಡ್ ಪಿಯುನಲ್ಲಿ ಒದ್ದಾಡೋದಿದ್ದೇ ಇದೆ, ನಡುವೆ ಪಾಸಾದ್ರೆ ಸಾಕು, ಯಾರೂ ಆ ಮಾರ್ಕ್ಸ್ ಕಾರ್ಡ್ ನೋಡಲ್ಲ ಅಂತ. ಸಿಇಟಿ ಮಟ್ಟಿಗೆ ನಿಜ, ರ‍್ಯಾಂಕಿಗೆ ಆ ಮಾರ್ಕ್ಸ್ ಸೇರಲ್ಲ (ಪ್ರಶ್ನೆಗಳು ಮಾತ್ರ ಎರಡೂ ವರ್ಷದ ಸಿಲಬಸ್ಸಿಂದ ಬರ್ತವೆ, ಅದು ಬೇರೆ ಮಾತು). ಆದ್ರೆ ಅಮೆರಿಕಾದ ಅಪ್ಲಿಕೇಶನ್ ಲೆಕ್ಕ ನೋಡಿ. ಕಾಮನ್ ಆ್ಯಪ್ (ಒಂದೇ ಫಾರಂ ತುಂಬಿ ಎಷ್ಟೋ ಕಾಲೇಜಿಗೆ ಅಪ್ಲೈ ಮಾಡೋ ವೆಬ್‌ಸೈಟ್) ಪ್ರತಿ ವರ್ಷ ಆಗಸ್ಟ್ 1ಕ್ಕೆ ಓಪನ್ ಆಗುತ್ತೆ, ಬೇಗ ಹಾಕೋರಿಗೆ ನವೆಂಬರ್ 1ರ ಸುಮಾರಿಗೆ ಕೊನೆ, ಉಳಿದೋರಿಗೆ ಸಾಮಾನ್ಯವಾಗಿ ಜನವರಿ ಶುರುವಿಗೆ. ನಮ್ಮ ಸೆಕೆಂಡ್ ಪಿಯು ಪರೀಕ್ಷೆ ಅದಾದ್ಮೇಲೆ ಬರುತ್ತೆ. ಅಂದ್ರೆ ಆ ಕಾಲೇಜಿನೋರ ಮುಂದೆ ಅಪ್ಲಿಕೇಶನ್ ಇದ್ದಾಗ ಇಡೀ ವರ್ಷದ ರಿಸಲ್ಟ್ ಅಂತ ಇರೋದು ಒಂಬತ್ತು, ಹತ್ತು, ಫಸ್ಟ್ ಪಿಯು, ಇಷ್ಟೇ. ಹತ್ತರಲ್ಲಿ 95 ಪರ್ಸೆಂಟ್ ತಗೊಂಡ ಹುಡ್ಗ ಫಸ್ಟ್ ಪಿಯುನಲ್ಲಿ 68ಕ್ಕೆ ಇಳಿದಿದ್ರೆ ನಾನು ಎಂಥ ಲೆಟರ್ ಬರೆದು ಮುಚ್ಚೋಕಾಗುತ್ತೆ ಹೇಳಿ. ವಾರ್ಷಿಕ ಪರೀಕ್ಷೆಗೆ ಇನ್ನೂ ಟೈಮಿದೆ, ಅದನ್ನ ಕೋಡಿಂಗ್ ಕ್ಯಾಂಪಿಗೆ ಕೊಡ್ಬೇಡಿ.

ಇನ್ನು ಆ್ಯಕ್ಟಿವಿಟಿ. ಇಲ್ಲೇ ಎಲ್ರೂ ದುಡ್ಡು ಕಳ್ಕೊಳ್ಳೋದು. ಮೈಸೂರಲ್ಲಿ ಒಬ್ಬ ಕನ್ಸಲ್ಟೆಂಟ್ ನಮ್ಮ ಸ್ಟೂಡೆಂಟ್ ಒಬ್ಬನಿಗೆ ರೀಸರ್ಚ್ ಪೇಪರ್ ಪಬ್ಲಿಷ್ ಮಾಡಿಸ್ತೀನಿ ಅಂತ ಅವ್ರಪ್ಪನ ಹತ್ರ ಚೆನ್ನಾಗೇ ಇಸ್ಕೊಂಡಿದ್ದ. ಪೇಪರೂ ಬಂತು. ಅದರಲ್ಲಿರೋ ಗ್ರಾಫ್ ಒಂದನ್ನ ವಿವರಿಸಪ್ಪ ಅಂದ್ರೆ ಹುಡ್ಗ ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ. ಕಾಮನ್ ಆ್ಯಪಲ್ಲಿ 10 ಆ್ಯಕ್ಟಿವಿಟಿಗೆ ಜಾಗ ಇದೆ, ನಿಜ, ಹಂಗಂತ ಹತ್ತೂ ತುಂಬಿಸ್ಲೇಬೇಕು ಅಂತೇನಿಲ್ಲ, ಒಂದೊಂದರ ವಿವರಣೆಗೆ ಕೊಡೋದು 150 ಅಕ್ಷರದ ಜಾಗ ಅಷ್ಟೇ, ನಮ್ಮ ಮದುವೆ ಇನ್ವಿಟೇಶನ್ನಿನ 'ಸುಖಾಗಮನ ಬಯಸುವವರು' ಪಟ್ಟಿ ಇದಕ್ಕಿಂತ ಉದ್ದ ಇರುತ್ತೆ.

ಮನೇಲಿ ಈಗಾಗ್ಲೇ ನಡೀತಿರೋದನ್ನೇ ನೋಡಿ ಅಂತೀನಿ ನಾನು. ಕೆಲವು ವರ್ಷದ ಹಿಂದೆ ಒಂದು ಹುಡುಗಿ ಇದ್ಲು, ಮಂಡ್ಯದ ಹತ್ರದ ಹಳ್ಳಿ, ಅಪ್ಪನದು ಆಲೆಮನೆ. ಇದೇ ಪ್ರಶ್ನೆ ಇಟ್ಕೊಂಡು ಬಂದ್ಲು, ನಂಗೆ ಯಾವ ಆ್ಯಕ್ಟಿವಿಟಿನೂ ಇಲ್ಲ ಮೇಡಂ, ಸಂಜೆ ಆದ್ರೆ ಆಲೆಮನೇಲಿ ಲೆಕ್ಕ ಬರ್ಕೊಳ್ಳೋದೇ ಆಗೋಗುತ್ತೆ ಅಂತ ಅಳೋ ಥರ ಹೇಳಿದ್ಲು. ಏನ್ ಲೆಕ್ಕ ಬರೀತೀಯ ತಗೊಂಬಾ ಅಂದೆ. ಉದ್ದದ ಲೆಕ್ಕದ ಪುಸ್ತಕ, ಅಂಚೆಲ್ಲ ಬೆಲ್ಲ ಮೆತ್ಕೊಂಡು ಎರಡು ಹಾಳೆ ಅಂಟ್ಕೊಂಡಿದ್ವು. ಯಾವ ಗದ್ದೆ ಕಬ್ಬು, ಎಷ್ಟು ತಿಂಗಳದ್ದು, ಒಂದು ಕೊಪ್ಪರಿಗೆಗೆ ಎಷ್ಟು ಸುಣ್ಣ ಹಾಕಿದ್ರು, ಬೆಲ್ಲದ ಬಣ್ಣ ಹೆಂಗೆ ಬಂತು, ಮಂಡಿಯಲ್ಲಿ ಏನ್ ರೇಟ್ ಸಿಕ್ತು, ಎಲ್ಲ ಇದೆ! ಬಣ್ಣಕ್ಕೆ ಅವಳದೇ ಹೆಸರುಗಳು, 'ಕೆಂಪು', 'ನಸುಗೆಂಪು', 'ಅಪ್ಪ ಬೈದ ಬಣ್ಣ'.

ನಾನು ಮಾಡಿದ್ದು ಲ್ಯಾಬಿಂದ ಒಂದಿಷ್ಟು ಪಿಎಚ್ ಪೇಪರ್ ಕೊಟ್ಟಿದ್ದಷ್ಟೇ. ಕಬ್ಬಿನ ಹಾಲು ಹುಳಿ ಕಡೆಗಿರುತ್ತೆ, ಸುಣ್ಣ ಅದನ್ನ ಮುರಿಯುತ್ತೆ, ಜಾಸ್ತಿ ಆಯ್ತೋ ಬೆಲ್ಲ ಕಪ್ಪಾಗುತ್ತೆ, ಇದು ನಮ್ಮ ಸಿಲಬಸ್ಸಿನ ಆ್ಯಸಿಡ್ ಬೇಸೇ. ಬಿಳೀ ಬೆಲ್ಲಕ್ಕೆ ಒಳ್ಳೇ ರೇಟು ಅಂತ ಹೈಡ್ರೋಸ್ ಅನ್ನೋ ಬಿಳುಪು ಮಾಡೋ ಕೆಮಿಕಲ್ ಹಾಕ್ತಾರಲ್ಲ, ಅದು ಹಾಕಿದ ಅಚ್ಚೊಂದು, ಹಾಕದ ಅಚ್ಚೊಂದು ಅಡುಗೆಮನೆ ಶೆಲ್ಫಲ್ಲಿಟ್ಟು ವಾರಕ್ಕೊಂದ್ಸಲ ಫೋಟೋ ತೆಗೆದ್ಲು, ತಿಂಗಳುಗಟ್ಟಲೆ. ಹೈಡ್ರೋಸ್ ಬೆಲ್ಲ ನಿಧಾನಕ್ಕೆ ಕಪ್ಪಾಗ್ತಾ ಬಂದಿದ್ದು ಫೋಟೋದಲ್ಲಿ ಕಾಣ್ಸುತ್ತೆ. ಅವಳಪ್ಪ ಅದನ್ನ ನೋಡಿ, "ಬುಡಿ ಮೇಡಂ, ಇದು ನಮ್ಗೇನ್ ಗೊತ್ತಿಲ್ವಾ, ಅಷ್ಟೊತ್ಗೆ ಮಾಲು ಮಂಡಿ ದಾಟಿರ್ತದೆ" ಅಂದ್ರು. ಆ ಮಾತನ್ನೂ ಹಂಗಂಗೇ ಪ್ರಬಂಧದಲ್ಲಿ ಬರಿ ಅಂದೆ, ಬರೆದ್ಲು. ಅಮೆರಿಕಾದ ಎರಡು ಕಾಲೇಜು ಆಗಲ್ಲ ಅಂದ್ವು. ಬೆಂಗಳೂರಿನ ಒಂದು ಯೂನಿವರ್ಸಿಟಿ ಇಂಟರ್‌ವ್ಯೂಗೆ ಕರೀತು. ಬೆಂಡೆ ಗಿಡದ ಲೋಳೆ ಕೊಪ್ಪರಿಗೆಗೆ ಯಾಕೆ ಹಾಕ್ತಾರೆ ಅಂತ ಕೇಳಿದ್ರಂತೆ, ಇವಳು ಕೊಳೆಯೆಲ್ಲ ಲೋಳೆಗೆ ಅಂಟ್ಕೊಂಡು ನೊರೆ ಜೊತೆ ಹೆಂಗೆ ಮೇಲಕ್ಕೆ ಬರುತ್ತೆ ಅಂತ ಕೈಯಾಡ್ಸಿ ಕೈಯಾಡ್ಸಿ ಹೇಳಿದ್ದಾಳೆ. ಸ್ಕಾಲರ್‌ಶಿಪ್ ಜೊತೆ ಸೀಟ್ ಸಿಕ್ತು.

ಎಲ್ರ ಮನೇಲೂ ಆಲೆಮನೆ ಇರುತ್ತಾ ಅಂತ ಕೇಳ್ಬೇಡಿ. ದಿನಾ ಬೆಳಗ್ಗೆ ತಾತನ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತೋ ಹುಡ್ಗ ಕಂಡ ಹಕ್ಕಿಗಳನ್ನ, ಹಕ್ಕಿ ಲೆಕ್ಕ ಇಡೋ ಆ್ಯಪಾದ ಇಬರ್ಡ್‌ಗೆ ಹಾಕ್ತಾ ಬಂದ್ರೆ ವರ್ಷದಲ್ಲಿ ಅವನ ಹತ್ರ ನಿಜವಾದ ಡೇಟಾ ಇರುತ್ತೆ, ಅದಕ್ಕೆ ಯಾರಿಗೂ ಒಂದು ರೂಪಾಯಿ ಕೊಡ್ಬೇಕಾಗಿಲ್ಲ.

ಲೆಟರ್ ವಿಷಯ. ನನ್ನ ಒಂದು ಸೆಕ್ಷನ್ನಲ್ಲಿ 80 ಜನ. ಎರಡು ವರ್ಷ ಬಾಯಿ ಬಿಡದೆ ಹಿಂದಿನ ಬೆಂಚಲ್ಲಿ ಕೂತಿದ್ದು, ಅಕ್ಟೋಬರ್ ಕೊನೇಲಿ "ಮ್ಯಾಮ್, ನಾಳೆ ಲೆಟರ್ ಬೇಕು" ಅಂತ ಮೆಸೇಜ್ ಹಾಕಿದ್ರೆ 'ಶಿಸ್ತಿನ ವಿದ್ಯಾರ್ಥಿ' ಅಂತ ಬರೀಬೋದು, ಅದನ್ನ ಯಾರು ಓದ್ತಾರೆ? ಈಗ್ಲಿಂದ್ಲೇ ಒಬ್ಬಿಬ್ರು ಲೆಕ್ಚರರ್ ಹತ್ರ ಹೋಗಿ ಡೌಟ್ ಕೇಳಿ, ಲ್ಯಾಬಲ್ಲಿ ಎಡವಟ್ಟಾಗಿದ್ರೆ ಅದ್ಯಾಕೆ ಅಂತ ಕೇಳಿ. ಪಿಯು ಕಾಲೇಜಲ್ಲಿ ಕೌನ್ಸೆಲರ್ ಅಂತ ಸಾಮಾನ್ಯವಾಗಿ ಯಾರೂ ಇರಲ್ಲ, ಅಪ್ಲಿಕೇಶನ್ನಲ್ಲಿ ಕೌನ್ಸೆಲರ್ ತುಂಬೋ ಫಾರಂ ಪ್ರಿನ್ಸಿಪಾಲರೇ ತುಂಬ್ಬೇಕಾಗುತ್ತೆ, ಅವ್ರಿಗೂ ಮುಂಚೆನೇ ಹೇಳಿಡಿ.

ದುಡ್ಡಿನ ಮಾತನ್ನ ಅಪ್ಪ ಅಮ್ಮನ ಜೊತೆ ಈಗ್ಲೇ ಕೂತು ಆಡಿ. ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಥರ ಬೆರಳೆಣಿಕೆಯ ಕಾಲೇಜು ಮಾತ್ರ ಹೊರದೇಶದ ಮಕ್ಕಳನ್ನೂ ದುಡ್ಡಿದೆಯಾ ಇಲ್ವಾ ಅಂತ ನೋಡದೆ ಆರಿಸ್ತವೆ. ಬೇರೆ ಎಷ್ಟೋ ಕಡೆ ಸಹಾಯ ಬೇಕು ಅಂದ ತಕ್ಷಣ ಸೀಟ್ ಕಷ್ಟ ಆಗುತ್ತೆ.

ಇನ್ನೊಂದು, ಇದನ್ನ ಇವತ್ತೇ ಮಾಡಿ, ಒಂಬತ್ತರ ಮಾರ್ಕ್ಸ್ ಕಾರ್ಡ್ ಹುಡುಕಿ ಇಟ್ಕೊಳ್ಳಿ. ನಮ್ಮಲ್ಲಿ ಹತ್ತಾದ್ಮೇಲೆ ಕಾಲೇಜೇ ಬದಲಾಗುತ್ತೆ, ಒಂಬತ್ತು ಹತ್ತರ ದಾಖಲೆ ಹಳೇ ಹೈಸ್ಕೂಲಲ್ಲೇ ಉಳಿದಿರುತ್ತೆ. ಹತ್ತರದು ಬೋರ್ಡ್ ಮಾರ್ಕ್ಸ್ ಕಾರ್ಡ್, ಜೋಪಾನವಾಗಿರುತ್ತೆ. ಒಂಬತ್ತರದು? ಒಬ್ಬ ಹುಡ್ಗನದು ಹುಡುಕಿ ಹುಡುಕಿ ಕೊನೆಗೆ ಅಟ್ಟದ ಮೇಲೆ ಗೊಂಬೆ ಟ್ರಂಕಲ್ಲಿ ಸಿಕ್ತು, ಪಟ್ಟದ ಗೊಂಬೆಗೆ ಸುತ್ತಿದ್ರು.