ಬೆಂಗ್ರೆಯ ಹುಡುಗರ ಜೊತೆ ಒಂದು ಸೀಸನ್

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಬಗ್ಗೆ ಬರೆಯುವುದಾದರೆ ಕಸಬಾ ಬೆಂಗ್ರೆಯಿಂದಲೇ ಶುರು ಮಾಡಬೇಕು. ಫಲ್ಗುಣಿ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಅಳಿವೆಬಾಗಿಲಿನವರೆಗೆ ಚಾಚಿಕೊಂಡ ಮರಳಿನ ಪಟ್ಟಿ ಅದು. ಮಂಗಳೂರಿನ ಹಳೆ ಬಂದರಿನಲ್ಲಿ ನಿಂತರೆ ಎದುರಿಗೇ ಕಾಣುತ್ತದೆ, ಆದರೆ ಹೋಗಿಬರಲು ದೋಣಿ ಬೇಕು. 1998–99ರ ನಮ್ಮ ತಂಡದ ಬೆನ್ನೆಲುಬು ಅಲ್ಲಿಯ ಹುಡುಗರು. ಬೆಳಿಗ್ಗೆ ದೋಣಿ ದಾಟಿ, ಬಂದರಿನ ರಸ್ತೆಯಲ್ಲಿ ನಡೆದು, ಕ್ಲಾಸಿಗೆ ಮೊದಲೇ ಪ್ರಾಕ್ಟೀಸಿಗೆ ಹಾಜರಾಗುತ್ತಿದ್ದರು. ನಾನು ಸುಳ್ಯದ ಕಡೆಯವನು, ನಮ್ಮಲ್ಲಿ ಕಬಡ್ಡಿ, ವಾಲಿಬಾಲ್ ಹೆಚ್ಚು. ಎತ್ತರ ನೋಡಿ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರು, ನನ್ನನ್ನು ಹಿಂದೆ ನಿಂತು ಗೋಲು ಕಾಯುವ ಸ್ಟಾಪರ್ ಬ್ಯಾಕ್ ಜಾಗಕ್ಕೆ ಹಾಕಿದರು. ಆಟ ಕಲಿಸಿದವರು ಮಾತ್ರ ಬೆಂಗ್ರೆಯವರು.

ಮಂಗಳೂರಿನಲ್ಲಿ ಫುಟ್‌ಬಾಲ್ ಅಂದರೆ ಮಳೆಗಾಲ. ಆ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಕಡಲಿಗೆ ಹೋಗುವ ಅಪ್ಪಂದಿರು, ಅಣ್ಣಂದಿರು ನೆಹರೂ ಮೈದಾನದ ಸುತ್ತ ಕೊಡೆ ಹಿಡಿದು ನಿಲ್ಲುತ್ತಿದ್ದರು. ಅವರಷ್ಟು ಆಟ ಬಲ್ಲ ಪ್ರೇಕ್ಷಕರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ತಪ್ಪು ಪಾಸ್ ಕೊಟ್ಟರೆ ಲೈನಿನ ಆಚೆಯಿಂದ ಬ್ಯಾರಿಯಲ್ಲೋ ತುಳುವಿನಲ್ಲೋ ಬೈಗುಳ ಬರುತ್ತಿತ್ತು, ಜೊತೆಗೆ ಪಾಸ್ ಎಲ್ಲಿಗೆ ಹೋಗಬೇಕಿತ್ತು ಎಂಬ ಪಾಠವೂ.

ಜುಲೈ ತಿಂಗಳಲ್ಲಿ ಮೈದಾನದ ಅರ್ಧ ಭಾಗ ಕೆಸರು, ಅಲ್ಲಲ್ಲಿ ನೀರು. ನೆಲದ ಮೇಲೆ ಉರುಳಿಸಿದ ಚೆಂಡು ನಾಲ್ಕು ಹೆಜ್ಜೆ ಹೋಗಿ ನಿಂತುಬಿಡುತ್ತದೆ. ಬೇರೆ ತಂಡಗಳು ಬೇಸಿಗೆಯಲ್ಲಿ ಕಲಿತ ಪಾಸಿಂಗ್ ಅಲ್ಲಿ ಕೈಕೊಡುತ್ತಿತ್ತು. ಬೆಂಗ್ರೆಯ ಹುಡುಗರಿಗೆ ಅದು ಹೊಸದೇ ಅಲ್ಲ. ಸಡಿಲ ಮರಳಿನಲ್ಲೂ ಚೆಂಡು ಉರುಳುವುದಿಲ್ಲವಲ್ಲ! ಬರಿಗಾಲಿನಲ್ಲಿ ಆಡುತ್ತಲೇ ಅವರು ಹೆಬ್ಬೆರಳನ್ನು ಚೆಂಡಿನ ಅಡಿಗೆ ತೂರಿಸಿ ಮೊಣಕಾಲೆತ್ತರಕ್ಕೆ ಎತ್ತಿ ಕೊಡುವುದನ್ನು ಕಲಿತಿದ್ದರು. ಚೆಂಡು ನೀರಿನ ಮೇಲೆ ಹಾರಿ ಹೋಗಿ ಸರಿಯಾಗಿ ಜೊತೆಗಾರನ ಕಾಲಿಗೆ ಬೀಳುತ್ತಿತ್ತು. ಮರಳಿನಲ್ಲಿ ಓಡಿ ಓಡಿ ಗಟ್ಟಿಯಾದ ಮೀನಖಂಡಗಳು, ಕೆಸರಿನಲ್ಲೂ ಕೊನೆಯ ನಿಮಿಷದವರೆಗೆ ದಣಿಯುತ್ತಿರಲಿಲ್ಲ. ಆ ಮಳೆಗಾಲದ ಕಪ್ ನಾವು ಗೆದ್ದದ್ದು ಅದೃಷ್ಟದಿಂದ ಎಂದು ಆಗ ಕೆಲವರು ಹೇಳಿದರು. ಅದೃಷ್ಟವಲ್ಲ, ಚಿಕ್ಕಂದಿನಿಂದ ಕಾಲಲ್ಲಿ ಕೂತ ವಿದ್ಯೆ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಅದೇ ಜುಲೈನಲ್ಲಿ ಫ್ರಾನ್ಸಿನ ವಿಶ್ವಕಪ್ ಫೈನಲ್. ನಮ್ಮಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ. ತಂಡದವರೆಲ್ಲ ಸಂಜೆಯ ದೋಣಿಗೇ ಬೆಂಗ್ರೆಗೆ ಹೋಗಿ, ಗೆಳೆಯನ ಮನೆಯಲ್ಲಿ ಮೀನುಸಾರು ಊಟ ಮಾಡಿ, ಟಿವಿ ಮುಂದೆ ಕೂತೆವು. ಫ್ರಾನ್ಸ್ ತಂಡದ ಜಿದಾನ್ ಎರಡು ಸಲ ತಲೆಯಿಂದ ಹೊಡೆದ, ಎರಡೂ ಕಾರ್ನರ್ ಕಿಕ್‌ನಿಂದ ಬಂದ ಗೋಲುಗಳು. ಬ್ರೆಜಿಲ್ 3–0ಯಿಂದ ಸೋತಾಗ ಕೋಣೆಯಲ್ಲಿ ಸೂತಕದ ಕಳೆ, ಅಲ್ಲಿದ್ದವರೆಲ್ಲ ಬ್ರೆಜಿಲ್ ಪಕ್ಷ. ಆದರೆ ನಮ್ಮ ಲೆಫ್ಟ್ ವಿಂಗ್ ಹುಡುಗ ಮಾತ್ರ ನನ್ನ ಭುಜ ತಟ್ಟಿ, “ನೀನು ಇಷ್ಟು ಉದ್ದ ಇದ್ದೀಯಲ್ಲ ಮಾರಾಯ, ಕಾರ್ನರ್ ಸಿಕ್ಕಿದರೆ ಹಿಂದೆ ಯಾಕೆ ನಿಲ್ಲುವುದು? ಮುಂದೆ ಬಾ” ಎಂದ. ಆವತ್ತಿನಿಂದ ಪ್ರಾಕ್ಟೀಸ್ ಮುಗಿದ ಮೇಲೆ ಅವನು ಕಾರ್ನರ್ ಹೊಡೆಯುವುದು, ನಾನು ಓಡಿ ಬಂದು ಹೆಡ್ ಮಾಡುವುದು. ಕಪ್‌ನ ಫೈನಲ್‌ನಲ್ಲಿ ನಮ್ಮ ಗೋಲು ಹಾಗೆಯೇ ಬಂತು.

ವಿಶ್ವವಿದ್ಯಾನಿಲಯದ ಅಂತರ್ ಕಾಲೇಜು ಪಂದ್ಯಾಟದ ಕಥೆಯೇ ಬೇರೆ. ಅದು ಬಂದದ್ದು 1999ರ ಜನವರಿಯ ಆರಂಭದಲ್ಲಿ, ಗುಡ್ಡದ ಮೇಲಿನ ಕೆಂಪುಕಲ್ಲಿನ ಮೈದಾನದಲ್ಲಿ. ಬಿದ್ದರೆ ಮಂಡಿಯ ಚರ್ಮ ನೆಲಕ್ಕೆ. ಚೆಂಡು ಸೊಂಟದೆತ್ತರಕ್ಕೆ ಪುಟಿಯುತ್ತಿತ್ತು, ಎತ್ತಿ ಕೊಡುವ ಪಾಸ್ ಅಲ್ಲಿ ಕೈಗೆ ಸಿಗುತ್ತಿರಲಿಲ್ಲ. ಮೇಲಾಗಿ ರಂಜಾನ್ ತಿಂಗಳು. ಬೆಂಗ್ರೆಯವರೆಲ್ಲ ಉಪವಾಸ. “ನಿಮ್ಮಿಂದ ಆಗುತ್ತದಾ?” ಎಂದು ಸರ್ ಕೇಳಿದ್ದಕ್ಕೆ ನಮ್ಮ ಕ್ಯಾಪ್ಟನ್, “ನೀವು ಟೀಮ್ ಬರೆಯಿರಿ ಸರ್” ಎಂದಷ್ಟೇ ಹೇಳಿದ. ಫೈನಲ್ ಮಧ್ಯಾಹ್ನದ ಬಿಸಿಲಿಗೆ ಬಿತ್ತು. ಬಾಯಿಗೆ ಹನಿ ನೀರಿಲ್ಲದೆ ಅವರು ಆಡಿದ್ದನ್ನು ಹಿಂದೆ ನಿಂತು ನೋಡಿದವನು ನಾನು. 2–1ರಿಂದ ಸೋತೆವು. ಎದುರಾಳಿಗಳು ಆ ದಿನ ನಮಗಿಂತ ಚೆನ್ನಾಗಿ ಆಡಿದರು, ಅದನ್ನು ಹೇಳಲೇಬೇಕು. ಸೂರ್ಯ ಮುಳುಗುವವರೆಗೆ ವ್ಯಾನ್ ಹೊರಡಿಸದೆ ಸರ್ ಕಾದರು. ಸಂಘಟಕರ ಕಡೆಯ ಒಬ್ಬ ಮೇಷ್ಟ್ರು ಖರ್ಜೂರ, ಕತ್ತರಿಸಿದ ಕಲ್ಲಂಗಡಿ ತಂದಿಟ್ಟರು. ಗೆದ್ದ ತಂಡದ ಹುಡುಗರೂ ಬಂದು ಕೂತರು.

ಪದವಿ ಮುಗಿದ ಮೇಲೆ ಹೆಚ್ಚಿನವರು ಗಲ್ಫ್‌ಗೆ ಹೋದರು. ಲೆಫ್ಟ್ ವಿಂಗ್ ಹುಡುಗ ಸೌದಿಯಲ್ಲಿದ್ದಾನೆ. 2023ರ ಮಾರ್ಚ್ 4ರಂದು, ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾಟವಾದ ಸಂತೋಷ್ ಟ್ರೋಫಿಯ ಫೈನಲ್ ರಿಯಾದ್‌ನಲ್ಲಿ ನಡೆದಾಗ ಅವನು ಕಿಂಗ್ ಫಹದ್ ಸ್ಟೇಡಿಯಂನಲ್ಲಿದ್ದ. ಮೇಘಾಲಯದ ಎದುರು ಕರ್ನಾಟಕ 3–2ರಿಂದ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದಮೇಲೆ, 54 ವರ್ಷಗಳ ನಂತರ ಬಂದ ಕಪ್ ಅದು. ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿದ. ಹಿಂದೆ ಗದ್ದಲ, ಅವನ ಗಂಟಲು ಪೂರ್ತಿ ಒಡೆದಿತ್ತು. ರಾಬಿನ್ ಯಾದವ್ ಹೊಡೆದ ಫ್ರೀಕಿಕ್ ಹೇಗೆ ಗೋಲಾಯಿತೆಂದು ಎರಡೆರಡು ಸಲ ವಿವರಿಸಿದ. ಆಮೇಲೆ ನಮ್ಮ ಕಾಲೇಜಿನಲ್ಲಿ ಈಗಲೂ ಟೀಮ್ ಇದೆಯಾ, ಬೆಂಗ್ರೆಯಿಂದ ಎಷ್ಟು ಮಕ್ಕಳು ಬರುತ್ತಾರೆ ಎಂದು ಕೇಳಿದ.

ಇದನ್ನು ಓದುವ ಈಗಿನ ಕ್ಯಾಪ್ಟನ್ ದಯವಿಟ್ಟು ನನಗೊಂದು ಸಾಲು ಬರೆಯಲಿ. ಅವನಿಗೆ ಉತ್ತರ ಹೇಳಬೇಕಿದೆ.