ಅಮ್ಮನ ಗಡಿಯಾರ ಅಳೆದ ದುಬೈ ದಾರಿ

ಮಂಗಳೂರಿನಿಂದ ರಾತ್ರಿ 11.20ಕ್ಕೆ ಹೊರಟು ದುಬೈಗೆ 1.40ಕ್ಕೆ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿದ್ದುದನ್ನು ಓದಿದ ಅಮ್ಮ, "ಎರಡು ಗಂಟೆ ಚಿಲ್ಲರೆಯೇ? ಪುತ್ತೂರಿನಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗುವುದಕ್ಕೂ ಅಷ್ಟು ಬೇಕಲ್ಲ" ಎಂದು ನಿರಾಳಳಾದಳು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ, ನಿಜವಾದ ಪ್ರಯಾಣ 3 ಗಂಟೆ 50 ನಿಮಿಷ ಎಂದು ನಾನು ವಿವರಿಸಿದರೂ ನಂಬದೆ, ತನ್ನ ಹಳೆಯ ಎಚ್‌ಎಂಟಿ ಗಡಿಯಾರಕ್ಕೆ ಕೀಲಿ ಕೊಟ್ಟು ಕೈಗೆ ಕಟ್ಟಿಕೊಂಡಳು. ಕಳೆದ ಜನವರಿಯಲ್ಲಿ ತಮ್ಮನ ಮನೆಗೆ ಹೊರಟ ದಿನದ ಮಾತಿದು.

ನೇರ ಗೆರೆ ಎಳೆದರೆ ಈ ಎರಡು ನಿಲ್ದಾಣಗಳ ನಡುವೆ ಸುಮಾರು 2,460 ಕಿಲೋಮೀಟರ್. ನಮ್ಮಿಂದ ಗುವಾಹಟಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ನಮ್ಮೂರಿನಲ್ಲಿ ಗುವಾಹಟಿಯನ್ನು ಕಂಡವರು ಅಪರೂಪ, ದುಬೈಗೆ ಹೋಗಿ ಬಂದವರು ಮನೆಗೊಬ್ಬರು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ದೊಡ್ಡಪ್ಪನ ಮಗ ರಾತ್ರಿ ಬಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿ ಒಂದು ದಿನ ಕಾದು ವಿಮಾನ ಹತ್ತುತ್ತಿದ್ದ.

ಗಡಿಯಾರದ ಒಂದೂವರೆ ಗಂಟೆಗೂ ಒಂದು ಲೆಕ್ಕವಿದೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅವರದು 60 ಡಿಗ್ರಿಯದು. ಡಿಗ್ರಿಗೆ ನಾಲ್ಕು ನಿಮಿಷದಂತೆ 22.5 ಡಿಗ್ರಿಗೆ ತೊಂಬತ್ತು ನಿಮಿಷ. ಆದರೆ ಸೂರ್ಯನನ್ನೇ ಕೇಳಿದರೆ ಮಂಗಳೂರಿಗೂ ದುಬೈಗೂ ಇರುವ ಅಂತರ ಎಪ್ಪತ್ತೆಂಟು ನಿಮಿಷ ಮಾತ್ರ. ಉಳಿದ ಹನ್ನೆರಡು ನಿಮಿಷ ಸರಕಾರಗಳು ಸೇರಿಸಿದ್ದು.

ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಅಮ್ಮನ ಗಡಿಯಾರದಲ್ಲಿ 3 ಗಂಟೆ 35 ನಿಮಿಷವಾಯಿತು. ಮನೆಯಿಂದ ಸಂಜೆ ಆರೂವರೆಗೆ ಹೊರಟ ನಾವು ತಮ್ಮನ ಮನೆಯ ಬಾಗಿಲು ತಟ್ಟಿದಾಗ ಅದೇ ಗಡಿಯಾರದಲ್ಲಿ ಬೆಳಗಿನ ಐದು; ಹತ್ತೂವರೆ ಗಂಟೆಯಲ್ಲಿ ಹಾರಿದ್ದು ಮೂರನೇ ಒಂದು ಪಾಲು, ಮಿಕ್ಕಿದ್ದೆಲ್ಲ ರಸ್ತೆ ಮತ್ತು ಸರತಿ ಸಾಲು.

ತಿಂಗಳ ನಂತರ ಮರಳುವಾಗ ಟಿಕೆಟ್ಟಿನ ಪ್ರಕಾರ ಸಂಜೆ 5.50ರಿಂದ ರಾತ್ರಿ 10.50, ಅಂದರೆ ಕಣ್ಣಿಗೆ ಐದು ಗಂಟೆ. ಹಾರಿದ್ದು ಮಾತ್ರ 3 ಗಂಟೆ 5 ನಿಮಿಷ. ದೂರ ಅದೇ ಇರುವಾಗ ಅರ್ಧ ಗಂಟೆ ಎಲ್ಲಿ ಹೋಯಿತೆಂದು ಅಮ್ಮ ಕೇಳಿದಳು. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಿನ ಗಾಳಿ ಬೀಸುತ್ತದೆ, ಹೋಗುವಾಗ ಅದು ಎದುರಿಗಿತ್ತು, ಈಗ ಬೆನ್ನಿಗಿದೆ ಎಂದೆ. ಹೊಳೆಯಲ್ಲಿ ದೋಣಿ ನಡೆಸುವುದನ್ನು ಕಂಡವಳಾದ್ದರಿಂದ ಇದನ್ನು ಮಾತ್ರ ಒಪ್ಪಿದಳು.

ಇಷ್ಟು ದೂರದ ದಾರಿ ಕೊನೆಗೆ ಮುಗಿಯಬೇಕಾದದ್ದು ಗುಡ್ಡದ ನೆತ್ತಿಯ 2,450 ಮೀಟರ್ ರನ್‌ವೇಯಲ್ಲಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವೇ ಅಲ್ಲಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡದ್ದನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಚಕ್ರ ನೆಲ ಮುಟ್ಟಿ ವೇಗ ಇಳಿಯುವವರೆಗೂ ಅಮ್ಮ ನನ್ನ ಕೈ ಬಿಡಲಿಲ್ಲ. ಗಡಿಯಾರವನ್ನು ನೋಡಿದ್ದು ಆಮೇಲೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಅವಳು ಬರೆದಿಟ್ಟದ್ದು ಈಗಲೂ ಇದೆ: ಹೋಗುವಾಗ 3.35, ಬರುವಾಗ 3.05.